ದೋಷವು ರೂಟರಿನಲ್ಲೋ, ಕೇಬಲ್ಲಿನಲ್ಲೋ?

ಹೊಸ ರೂಟರನ್ನು ಜೋಡಿಸಿದ ಮರುದಿನವೇ ಮನೆಯ ಅಂತರ್ಜಾಲ ಸಂಪರ್ಕವು ಪದೇ ಪದೇ ಕಡಿಯತೊಡಗಿದರೆ ನಾವು ಆ ಉಪಕರಣವನ್ನೇ ದೂರುತ್ತೇವೆ. ಮತ್ತೊಂದನ್ನು ಕೊಳ್ಳಲು ಹೊರಡುತ್ತೇವೆ. ಆದರೆ ಒಂದರ ಬಳಿಕ ಇನ್ನೊಂದು ಸಂಭವಿಸಿದ ಮಾತ್ರಕ್ಕೆ ಮೊದಲನೆಯದೇ ಕಾರಣವೆಂದು ಹೇಳಲಾಗದು.

ಕೇಬಲ್ ಸಂಪರ್ಕದಲ್ಲಿ ಎರಡು ಘಟ್ಟಗಳುಂಟು. ಕೇಬಲ್ಲಿನಲ್ಲಿ ಹರಿದುಬರುವ ರೇಡಿಯೊ ಸಂಕೇತಗಳನ್ನು ಮೋಡೆಮ್ ಅಂಕೀಯ ಮಾಹಿತಿಯಾಗಿ ಮಾರ್ಪಡಿಸುತ್ತದೆ. ರೂಟರ್ ಅದನ್ನು ಮನೆಯೊಳಗೆ ಹಂಚುತ್ತದೆ. ದೋಷವು ಯಾವ ಘಟ್ಟದ್ದೆಂದು ಮೊದಲು ನಿರ್ಣಯಿಸತಕ್ಕದ್ದು.

ರೂಟರನ್ನು ಬಿಡಿಸಿ, ಕಂಪ್ಯೂಟರನ್ನು ತಂತಿಯಿಂದ ನೇರವಾಗಿ ಮೋಡೆಮಿಗೆ ಜೋಡಿಸೋಣ. ಅನೇಕ ಮೋಡೆಮುಗಳು ಮೊದಲು ಕಂಡ ಉಪಕರಣದ ಗುರುತನ್ನೇ ನೆನಪಿಟ್ಟುಕೊಳ್ಳುವುದರಿಂದ, ಪ್ರತಿ ಬದಲಾವಣೆಯ ಬಳಿಕವೂ ಮೋಡೆಮಿನ ವಿದ್ಯುತ್ತನ್ನು ತಪ್ಪಿಸಿ ಮತ್ತೆ ಕೊಡಬೇಕು. ಈಗ ಸಂಪರ್ಕವು ದಿನವಿಡೀ ಸ್ಥಿರವಾಗಿದ್ದರೆ ಸಂಶಯವು ರೂಟರಿನ ಮೇಲೆ ಅಥವಾ ವೈಫೈ ಅಲೆಗಳ ಮೇಲೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನೆರೆಮನೆಗಳ ಅಲೆಗಳು ಅಡ್ಡಬರುವುದುಂಟು. 1, 6, 11ನೆಯ ಚಾನೆಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.

ಆಗಲೂ ಕಡಿದರೆ ದೋಷವು ಮೋಡೆಮಿನದು ಅಥವಾ ಕೇಬಲ್ಲಿನದು. ಅನೇಕ ಮೋಡೆಮುಗಳು 192.168.100.1 ಎಂಬ ವಿಳಾಸದಲ್ಲಿ ಸಂಕೇತದ ಬಲವನ್ನು ತೋರಿಸುತ್ತವೆ. ಡಾಕ್ಸಿಸ್ 3.0 ಮಾನಕದ ಪ್ರಕಾರ ಒಳಬರುವ ಸಂಕೇತವು ಋಣ 15ರಿಂದ ಧನ 15 ಡೆಸಿಬೆಲ್-ಮಿಲಿವೋಲ್ಟುಗಳೊಳಗೆ ಇರಬೇಕು. ಕೇಬಲನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟರ್ ಪ್ರತಿ ಕವಲಿಗೂ ಅರ್ಧಕ್ಕಿಂತ ಕಡಮೆ ಶಕ್ತಿಯನ್ನೇ ಕೊಡುತ್ತದೆ. ಸಡಿಲವಾದ ತಿರುಪಿನ ಸಂದಿನಿಂದ ಹೊರಗಿನ ಗದ್ದಲವು ನುಸುಳುತ್ತದೆ. ರೂಟರನ್ನು ಬದಲಿಸುವಾಗ ಎಳೆದಾಡಿದ ಕೈಯೇ ಆ ತಿರುಪನ್ನು ಸಡಿಲಿಸಿರಲೂಬಹುದು!

ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವುದು ಪ್ರಯೋಗಶಾಲೆಯ ನಿಯಮ. ಮನೆಯಲ್ಲಿಯೂ ಅದನ್ನು ಪಾಲಿಸಿದರೆ ವೃಥಾ ವೆಚ್ಚವು ತಪ್ಪುವುದು.