ನಿಮಗಿದು ಗೊತ್ತೇ? ರೋಸಲಿಂಡ್ ಫ್ರಾಂಕ್ಲಿನ್: ಕಲ್ಲಿದ್ದಲಿನಿಂದ ವೈರಸ್‌ವರೆಗೆ

ಡಿಎನ್‌ಎ ಚಿತ್ರದಿಂದ ಹೆಸರಾದ ರೋಸಲಿಂಡ್ ಫ್ರಾಂಕ್ಲಿನ್ ಅವರಿಗೆ ಡಾಕ್ಟರೇಟ್ ತಂದುಕೊಟ್ಟದ್ದು ಕಲ್ಲಿದ್ದಲು! ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ, ಅವರು ಬ್ರಿಟನ್ನಿನ ಕಲ್ಲಿದ್ದಲು ಸಂಶೋಧನಾ ಸಂಸ್ಥೆ ಸೇರಿದರು. ಹೀಲಿಯಂ ಅನಿಲ ಬಳಸಿ ಕಲ್ಲಿದ್ದಲಿನೊಳಗಿನ ಅತಿಸೂಕ್ಷ್ಮ ರಂಧ್ರಗಳನ್ನು ಅಳೆದರು. ಆ ರಂಧ್ರಗಳು ಜರಡಿಯಂತೆ ಸಣ್ಣ ಅಣುಗಳನ್ನು ಒಳಕ್ಕೆ ಬಿಟ್ಟು ದೊಡ್ಡವನ್ನು ತಡೆಯುತ್ತವೆ ಎಂದು ತೋರಿಸಿದರು. 1945ರಲ್ಲಿ ಕೇಂಬ್ರಿಡ್ಜ್ ಪಿಎಚ್.ಡಿ. ಬಂತು.

ಹುಟ್ಟಿದ್ದು 1920ರ ಜುಲೈ 25, ಲಂಡನ್ನಿನಲ್ಲಿ. ಓದಿನಲ್ಲಿ ಮುಂದು, ಸಂಗೀತದಲ್ಲಿ ಮಾತ್ರ ಹಿಂದು. ಶಾಲೆಯ ಸಂಗೀತ ಮೇಷ್ಟ್ರು ಹೆಸರಾಂತ ಸಂಯೋಜಕ ಗುಸ್ತಾವ್ ಹೋಲ್ಸ್ಟ್. ಹುಡುಗಿಯ ಕಿವಿಗೇನಾದರೂ ತೊಂದರೆಯಿದೆಯೇ ಎಂದು ಅವರು ತಾಯಿಯನ್ನು ವಿಚಾರಿಸಿದ್ದರಂತೆ.

1941ರಲ್ಲಿ ಕೇಂಬ್ರಿಡ್ಜ್ ಪರೀಕ್ಷೆ ಪಾಸಾದರೂ ಸಿಕ್ಕಿದ್ದು ಹೆಸರಿಗಷ್ಟೇ ಪದವಿ. ಹೆಣ್ಣುಮಕ್ಕಳಿಗೆ ಆ ವಿಶ್ವವಿದ್ಯಾಲಯ 1948ರವರೆಗೆ ಪೂರ್ಣ ಪದವಿ ಕೊಡುತ್ತಿರಲಿಲ್ಲ.

ಎಕ್ಸ್‌-ಕಿರಣಗಳಿಂದ ವಸ್ತುವಿನ ಒಳರಚನೆ ತಿಳಿಯುವ ವಿದ್ಯೆ ಅವರಿಗೆ ಒಲಿದದ್ದು ಪ್ಯಾರಿಸ್‌ನಲ್ಲಿ. ಬಿಸಿ ಮಾಡಿದಾಗ ಯಾವ ಇಂಗಾಲ ಗ್ರಾಫೈಟ್ ಆಗುತ್ತದೆ, ಯಾವುದು ಎಷ್ಟು ಕಾಯಿಸಿದರೂ ಆಗುವುದಿಲ್ಲ ಎಂದು 1951ರಲ್ಲಿ ಅವರು ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಡಿಎನ್‌ಎ ಗುಟ್ಟು ಬಿಡಿಸಲು ನೆರವಾದದ್ದು ತೇವಾಂಶ! 1951ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದ ಫ್ರಾಂಕ್ಲಿನ್, ಡಿಎನ್‌ಎ ಎಳೆಯ ಸುತ್ತಲಿನ ಗಾಳಿಯ ತೇವವನ್ನು ಹದವಾಗಿ ಏರಿಸಿ ಇಳಿಸಿದರು. ಒಣಗಿದಾಗ ಒಂದು ರೂಪ, ನೀರು ಹೀರಿದಾಗ ಉದ್ದವಾಗಿ ಇನ್ನೊಂದು ರೂಪ. ಮೊದಲಿನವರ ಚಿತ್ರಗಳು ಮಸುಕಾಗಿದ್ದದ್ದು ಈ ಎರಡೂ ಬೆರೆತಿದ್ದರಿಂದ. ಇದು ಅಪ್ಪಟ ಭೌತರಸಾಯನ ವಿಜ್ಞಾನಿಯ ಕೈಚಳಕ. ನನ್ನ ಮಟ್ಟಿಗೆ, ಆ ಪ್ರಸಿದ್ಧ ಚಿತ್ರಕ್ಕಿಂತ ದೊಡ್ಡ ಸಾಧನೆ ಇದೇ.

‘ಫೋಟೋ 51’ ಎಂಬ ಆ ಚಿತ್ರ ತೆಗೆದದ್ದು 1952ರ ಮೇ ತಿಂಗಳಲ್ಲಿ. ಕ್ಯಾಮೆರಾ ಹಿಂದೆ ನಿಂತವರು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್. ಎಕ್ಸ್‌-ಕಿರಣ ಹಾಯಿಸಿದ್ದು 60 ಗಂಟೆಗೂ ಹೆಚ್ಚು. 1953ರ ಜನವರಿಯಲ್ಲಿ ಸಹೋದ್ಯೋಗಿ ಮಾರಿಸ್ ವಿಲ್ಕಿನ್ಸ್ ಅದನ್ನು ಡಿಎನ್‌ಎ ರಚನೆ ಹುಡುಕುತ್ತಿದ್ದ ಜೇಮ್ಸ್ ವಾಟ್ಸನ್‌ಗೆ ತೋರಿಸಿದರು; ಫ್ರಾಂಕ್ಲಿನ್‌ಗೆ ಅದರ ಸುಳಿವಿರಲಿಲ್ಲ. ಚಿತ್ರದಷ್ಟೇ ಮುಖ್ಯವಾದದ್ದು ಕಿಂಗ್ಸ್ ಕಾಲೇಜಿನ ವರದಿಯೊಂದರಲ್ಲಿದ್ದ ಫ್ರಾಂಕ್ಲಿನ್ ಅವರ ಅಳತೆಗಳು. ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿವೆ ಎಂಬುದನ್ನು ವಾಟ್ಸನ್ ಅವರ ಜೊತೆಗಾರ ಫ್ರಾನ್ಸಿಸ್ ಕ್ರಿಕ್ ಊಹಿಸಿದ್ದು ಅವುಗಳಿಂದಲೇ.

ಅದೇ ವರ್ಷ ಫೆಬ್ರವರಿ 24ರಂದು ಫ್ರಾಂಕ್ಲಿನ್ ತಮ್ಮ ನೋಟ್‌ಬುಕ್ಕಿನಲ್ಲಿ, ಡಿಎನ್‌ಎಯ ಎರಡೂ ರೂಪಗಳಲ್ಲಿ ಎರಡೆರಡು ಎಳೆಗಳಿವೆ ಎಂದು ಗುರುತು ಹಾಕಿಕೊಂಡಿದ್ದರು. ಉತ್ತರಕ್ಕೆ ಅಷ್ಟು ಹತ್ತಿರ ಬಂದಿದ್ದರು!

ಏಪ್ರಿಲ್ 25ರ ‘ನೇಚರ್’ ಸಂಚಿಕೆಯಲ್ಲಿ ಡಿಎನ್‌ಎ ಕುರಿತು ಬಂದದ್ದು ಒಂದಲ್ಲ, ಮೂರು ಲೇಖನಗಳು. ಮೊದಲನೆಯದು ವಾಟ್ಸನ್ ಮತ್ತು ಕ್ರಿಕ್ ಅವರದು, ಮೂರನೆಯದು ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರದು.

ಅಷ್ಟರಲ್ಲಾಗಲೇ ಫ್ರಾಂಕ್ಲಿನ್ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿಗೆ ಹೋಗಿದ್ದರು. ಜೀವಭೌತ ವಿಜ್ಞಾನದಲ್ಲಿ ಅವರ ಅತ್ಯಂತ ಫಲವತ್ತಾದ ವರ್ಷಗಳು ಅಲ್ಲಿಂದಲೇ ಆರಂಭ. ತಂಬಾಕಿನ ಎಲೆಗೆ ಮೊಸಾಯಿಕ್ ರೋಗ ತರುವ ವೈರಸ್ ಒಳಗೆ ಟೊಳ್ಳು, ಅದರ ಆರ್‌ಎನ್‌ಎ ಪ್ರೋಟೀನಿನ ನಡುವೆ ಸುರುಳಿಯಾಗಿ ಹುದುಗಿದೆ ಎಂದು ಅವರ ತಂಡ ತೋರಿಸಿತು. ಈ ವೈರಸ್ಸಿನ ಸುಮಾರು 5 ಅಡಿ ಎತ್ತರದ ಮಾದರಿಯನ್ನು ಬ್ರಸೆಲ್ಸ್‌ನ ವಿಶ್ವ ಮೇಳಕ್ಕೆ ಸಿದ್ಧಪಡಿಸಿಕೊಟ್ಟರು. ಮೇಳ ಶುರುವಾದದ್ದು 1958ರ ಏಪ್ರಿಲ್ 17ರಂದು. ಫ್ರಾಂಕ್ಲಿನ್ ತೀರಿಕೊಂಡದ್ದು ಅದರ ಹಿಂದಿನ ದಿನ.

ಕಾರಣ ಅಂಡಾಶಯದ ಕ್ಯಾನ್ಸರ್. ವಯಸ್ಸು ಕೇವಲ 37. 1956ರಲ್ಲಿ ಕಾಯಿಲೆ ಪತ್ತೆಯಾದ ಮೇಲೂ ಅವರು ಕೆಲಸ ನಿಲ್ಲಿಸಲಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಕೆಲಕಾಲ ಸುಧಾರಿಸಿಕೊಂಡದ್ದು ಯಾರ ಮನೆಯಲ್ಲಿ ಗೊತ್ತೇ? ಅದೇ ಫ್ರಾನ್ಸಿಸ್ ಕ್ರಿಕ್ ದಂಪತಿಯ ಮನೆಯಲ್ಲಿ!

ಕೊನೆಯಲ್ಲಿ ಕೈಹಾಕಿದ್ದು ಪೋಲಿಯೊ ವೈರಸ್‌ಗೆ. ಉಳಿದ ಕೆಲಸವನ್ನು ಅವರ ತಂಡದ ಆರನ್ ಕ್ಲಗ್ ಮತ್ತು ಜಾನ್ ಫಿಂಚ್ ಪೂರೈಸಿ, 1959ರ ಲೇಖನವನ್ನು ಅವರ ನೆನಪಿಗೆ ಅರ್ಪಿಸಿದರು. ಕ್ಲಗ್ ಅವರಿಗೆ ಫ್ರಾಂಕ್ಲಿನ್ ಉಯಿಲಿನಲ್ಲಿ 3,000 ಪೌಂಡ್ ಮತ್ತು ತಮ್ಮ ಆಸ್ಟಿನ್ ಕಾರನ್ನು ಬಿಟ್ಟುಹೋಗಿದ್ದರು. 1982ರಲ್ಲಿ ಕ್ಲಗ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಡಿಎನ್‌ಎಗೆ ನೊಬೆಲ್ ಬಂದದ್ದು 1962ರಲ್ಲಿ, ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ. ಆಗ ಫ್ರಾಂಕ್ಲಿನ್ ಇಲ್ಲವಾಗಿ ನಾಲ್ಕು ವರ್ಷವಾಗಿತ್ತು.

ಅವರ ಸಮಾಧಿಯ ಮೇಲೆ ಡಿಎನ್‌ಎ ಪ್ರಸ್ತಾಪವೇ ಇಲ್ಲ. ಅಲ್ಲಿ ಕೆತ್ತಿರುವುದು ವೈರಸ್ ಸಂಶೋಧನೆಯ ವಿಷಯ.

ಮಂಗಳನ ನೆಲ ಕೊರೆದು ಜೀವದ ಕುರುಹು ಹುಡುಕಬೇಕಾದ ಯೂರೋಪಿನ ರೋವರ್‌ಗೆ 2019ರಲ್ಲಿ ಅವರ ಹೆಸರಿಟ್ಟಿದ್ದಾರೆ.

ಶಾಲೆಯಲ್ಲಿ ಡಿಎನ್‌ಎ ಪಾಠ ಹೇಳುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ವಾಟ್ಸನ್, ಕ್ರಿಕ್ ಎಂದು ಮಕ್ಕಳಿಂದ ಬರೆಸುವಾಗ ಅದೇ ಸಂಚಿಕೆಯ ಮೂರನೆಯ ಲೇಖನದ ಹೆಸರುಗಳನ್ನೂ ಬರೆಸಿ: ಫ್ರಾಂಕ್ಲಿನ್, ಗಾಸ್ಲಿಂಗ್.