ಅಟ್ಟಣೆಯಿಂದ ಚಂದ್ರಂಕಿಗೆ

ರಾಮನಗರ, ಕನಕಪುರದ ಕಡೆ ಓಡಾಡಿದವರಿಗೆ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ನಿಂತ ಉದ್ದನೆಯ ಶೀಟಿನ ಕಟ್ಟಡಗಳು ಹೊಸದಲ್ಲ. ಕಿಟಕಿಗೆ ಬಲೆ, ಬಾಗಿಲಿಗೆ ಬಲೆ, ಒಳಗಿನಿಂದ ಹಸಿ ಸೊಪ್ಪಿನ ವಾಸನೆ. ಅಂಥದೊಂದು ಹುಳದ ಮನೆಯನ್ನು ನೋಡಿಬರೋಣವೆಂದು ಹೋದೆ. ರೇಷ್ಮೆ ಹುಳಕ್ಕಿಂತಲೂ ಹೆಚ್ಚಾಗಿ ನನ್ನ ಕಣ್ಣಿದ್ದದ್ದು ಅದನ್ನು ಹೊತ್ತು ನಿಲ್ಲುವ ಸಾಮಾನುಗಳ ಮೇಲೆ. ಮೊಟ್ಟೆಯಿಂದ ಗೂಡಿನವರೆಗೆ ಈ ಹುಳ ಒಂದಲ್ಲ ಒಂದು ಸ್ಟ್ಯಾಂಡಿನ ಮೇಲೆಯೇ ಬದುಕುತ್ತದೆ. ಆ ಸ್ಟ್ಯಾಂಡುಗಳನ್ನು ಕಟ್ಟಿದವರ ಬುದ್ಧಿವಂತಿಕೆಯ ಬಗ್ಗೆ ಮಾತು ಮಾತ್ರ ಕಡಿಮೆ.

“ಪೌಡರ್, ಸೆಂಟು ಏನೂ ಹಾಕ್ಕೊಂಡಿಲ್ಲ ತಾನೇ ಸಾರ್?” ಮನೆಯಾಕೆ ಬಾಗಿಲಲ್ಲೇ ಕೇಳಿದರು. ಘಾಟು, ಸುಗಂಧ ಎರಡೂ ಹುಳಕ್ಕೆ ಆಗಿಬರುವುದಿಲ್ಲ. ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆದ ಗೋಣಿಚೀಲದ ಮೇಲೆ ಕಾಲಿಟ್ಟು ಒಳಗೆ ಹೋದೆ. ಮೊದಲ ಬಾಗಿಲು ದಾಟಿದರೆ ಇಬ್ಬರು ನಿಲ್ಲುವಷ್ಟು ಜಾಗ, ಆಮೇಲೆ ಇನ್ನೊಂದು ಬಲೆಯ ಬಾಗಿಲು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಊಜಿ ನೊಣ ಒಳಗೆ ಬಾರದಿರಲಿ ಎಂದು ಈ ಏರ್ಪಾಡು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳವನ್ನು ಒಳಗಿನಿಂದ ತಿಂದು, ಕೆಲವೊಮ್ಮೆ ಕಟ್ಟಿದ ಗೂಡನ್ನೇ ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ.

ಎಡಗಡೆಯ ಕೋಣೆಯಲ್ಲಿ ಹಳೆಯ ಕಾಲದ ತಟ್ಟೆ ಸ್ಟ್ಯಾಂಡು ಇನ್ನೂ ಇದೆ. ನಾಲ್ಕು ಬಿದಿರು ಕಂಬ, ಅವಕ್ಕೆ ಅಡ್ಡ ಗಳುಗಳು, ಒಂದರ ಮೇಲೊಂದು ತೂರಿಸಿಡುವ ದುಂಡನೆಯ ಬಿದಿರು ತಟ್ಟೆಗಳು. ಈಗ ಇವರು ಚಾಕಿ ಹುಳವನ್ನು, ಅಂದರೆ ಎಳೆಯ ಹುಳವನ್ನು, ಬೇರೆ ಕಡೆಯಿಂದ ತರುವುದರಿಂದ ಅದು ಬಹುಪಾಲು ಖಾಲಿ. ಪಕ್ಕದಲ್ಲಿ ಗೋಡೆಗೊರಗಿಸಿದ್ದ ಒಂದು ಮಡಚುವ ಕಾಲುಮಣೆ ನನಗೆ ಹಿಡಿಸಿತು. ಎರಡು ಮರದ ಚೌಕಟ್ಟು, ನಡುವೆ ಒಂದು ಮೊಳೆ; ಬಿಡಿಸಿದರೆ ಕತ್ತರಿಯಾಕಾರದಲ್ಲಿ ಸೊಂಟದೆತ್ತರಕ್ಕೆ ನಿಲ್ಲುತ್ತದೆ. ಸೊಪ್ಪು ಹಾಕುವಾಗ ತಟ್ಟೆಯನ್ನು ಹೊರಕ್ಕೆಳೆದು ಇದರ ಮೇಲಿಟ್ಟುಕೊಳ್ಳುವುದು, ಹಾಕಿ ಮುಗಿದೊಡನೆ ತಟ್ಟೆ ಸ್ಟ್ಯಾಂಡಿಗೆ, ಇದು ಗೋಡೆಗೆ. ದಿನಕ್ಕೆ ನಾಲ್ಕಾರು ಸಲ ಬಾಗಿ ಏಳುವ ಸೊಂಟವನ್ನು ಒಂದು ಮೊಳೆ ಕಾಪಾಡುತ್ತದೆ. ಮಾಡಿದ ಬಡಗಿ ಯಾರೋ ಗೊತ್ತಾಗಲಿಲ್ಲ.

ಅಲ್ಲಿಂದ ದೊಡ್ಡ ಹಜಾರಕ್ಕೆ. ಮಳೆ ಹನಿಯುವಂಥ ಒಂದೇ ಸಮನೆಯ ಸದ್ದು. ಅದು ಹುಳ ಸೊಪ್ಪು ಮೇಯುವ ಸದ್ದು. ಹಜಾರದ ಉದ್ದಕ್ಕೂ ಮೂರಂತಸ್ತಿನ ಅಟ್ಟಣೆಗಳು, ಕಬ್ಬಿಣದ ಆಂಗಲ್ ಕಾಲುಗಳು, ಅಂತಸ್ತುಗಳಿಗೆ ಬಿಗಿದ ನೈಲಾನ್ ಬಲೆ. ಅಗಲ ಸುಮಾರು ಐದು ಅಡಿ. ಐದೇ ಏಕೆ ಎಂಬುದು ಪಕ್ಕದಲ್ಲಿ ನಿಂತು ಕೈ ಚಾಚಿದಾಗ ತಿಳಿಯಿತು. ಎರಡೂ ಬದಿಯಿಂದ ಕೈ ನೀಡಿದರೆ ನಡುಭಾಗ ಸಿಗಬೇಕು. ಆರು ಅಡಿ ಮಾಡಿದರೆ ನಡುವಿನ ಹುಳಕ್ಕೆ ಸೊಪ್ಪು ಸರಿಯಾಗಿ ಬೀಳುವುದಿಲ್ಲ, ಹುಳ ಸಣ್ಣ ದೊಡ್ಡದಾಗುತ್ತದೆ. ಅಂತಸ್ತಿನಿಂದ ಅಂತಸ್ತಿಗೆ ಎರಡು ಅಡಿ. ಅದಕ್ಕಿಂತ ಕಡಿಮೆಯಾದರೆ ಗಾಳಿ ಆಡುವುದಿಲ್ಲ, ಹೆಚ್ಚಾದರೆ ಮೇಲಿನ ಅಂತಸ್ತಿಗೆ ಏಣಿ ಬೇಕು.

ಈ ಅಟ್ಟಣೆ ಹೊರುವ ಭಾರವನ್ನು ನೆನೆದರೆ ಆಂಗಲ್ ಏಕೆ ಬಂತೆಂದು ಅರ್ಥವಾಗುತ್ತದೆ. ಮೊಟ್ಟೆಯೊಡೆದು ಬರುವಾಗ ಕೂದಲೆಳೆಯಂತಿರುವ ಹುಳ, ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಹತ್ತು ಸಾವಿರ ಪಟ್ಟು ತೂಗುತ್ತದೆ. ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ, ಎಂದರೆ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಹುಳ. ಅವು ತಿನ್ನುವ ಒಟ್ಟು ಸೊಪ್ಪು ಒಂದು ಟನ್ನಿನ ಹತ್ತಿರ. ಅದರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚನ್ನು ನಾಲ್ಕನೆಯ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಎದ್ದ ಮೇಲಿನ ಒಂದು ವಾರದಲ್ಲೇ ಮುಗಿಸುತ್ತವೆ. ಬಿಡಿ ಎಲೆ ಕೊಯ್ದು ಹಾಕುತ್ತಿದ್ದ ಕಾಲಕ್ಕೆ ಬಿದಿರು ತಟ್ಟೆ ಸಾಕಾಗಿತ್ತು. ಈಗ ರೆಂಬೆಯನ್ನೇ ಕಡಿದು ತಂದು ಹಾಸುತ್ತಾರೆ. ಒಂದು ರೆಂಬೆಯ ಬುಡ ಇತ್ತ, ಮುಂದಿನದರ ಬುಡ ಅತ್ತ; ಹಾಗೆ ಹಾಸಿದರೆ ಹಾಸು ಮಟ್ಟಸವಾಗಿರುತ್ತದೆ. ಹೊಸ ರೆಂಬೆ ಬಿದ್ದಂತೆ ಹುಳ ಮೇಲೆ ಮೇಲೆ ಹತ್ತುತ್ತದೆ, ಹಿಕ್ಕೆಯೂ ಕಸವೂ ಕಡ್ಡಿಗಳ ಸಂದಿಯಿಂದ ಕೆಳಗಿಳಿಯುತ್ತದೆ. ತಟ್ಟೆಯ ಕಾಲದಲ್ಲಿ ದಿನದಿನವೂ ಮಾಡುತ್ತಿದ್ದ ಶುಚಿ ಕೆಲಸ ಇದರಿಂದ ಎಷ್ಟೋ ತಗ್ಗಿದೆ.

ಮೊಣಕಾಲೂರಿ ಅಟ್ಟಣೆಯ ಕಾಲು ನೋಡಿದೆ. ಪ್ರತಿ ಕಾಲೂ ಒಂದು ಸಿಮೆಂಟಿನ ಬಟ್ಟಲಿನಲ್ಲಿ ನಿಂತಿದೆ. ಬಟ್ಟಲಿನ ನಡುವೆ ದಿಣ್ಣೆ, ಸುತ್ತ ಕಾಲುವೆ, ಕಾಲುವೆಯಲ್ಲಿ ನೀರು. ದಿಣ್ಣೆ ಇರುವುದರಿಂದ ಕಬ್ಬಿಣ ನೀರಿಗೆ ತಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ; ಇರುವೆಗೋ ನೀರು ದಾಟಿ ಬರಲು ದಾರಿಯಿಲ್ಲ. ಇಷ್ಟಾದರೆ ಸಾಲದು. ಅಟ್ಟಣೆ ಗೋಡೆಯಿಂದ ದೂರ ನಿಂತಿರಬೇಕು, ಒಂದು ರೆಂಬೆಯ ತುದಿಯೂ ಗೋಡೆಗೆ ತಾಗಬಾರದು. ನಾನು ನೋಡುತ್ತಿದ್ದ ಹಾಗೆಯೇ ಮನೆಯ ಹುಡುಗ ಹೊರಗೆ ಚಾಚಿದ್ದ ಒಂದು ಕಡ್ಡಿಯನ್ನು ಮುರಿದು ಒಳಗೆ ತಳ್ಳಿದ. “ಇದೊಂದು ಸಾಕಣ್ಣ, ಇರುವೆ ಸಾಲುಗಟ್ಟಿ ಬಂದ್ಬಿಡ್ತವೆ” ಎಂದ.

ಹಜಾರದ ಕೊನೆಯ ಅಟ್ಟಣೆಯಲ್ಲಿ ಹುಳ ಹಣ್ಣಾಗುತ್ತಿತ್ತು. ಮೇವು ಬಿಟ್ಟಿವೆ, ಮೈ ಕುಗ್ಗಿ ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ, ತಲೆಯೆತ್ತಿ ಅತ್ತಿತ್ತ ಆಡಿಸುತ್ತವೆ. ಮೂವರು ಹೆಂಗಸರು ಹಣ್ಣು ಹುಳವನ್ನು ಆಯ್ದು ಪುಟ್ಟಿಗೆ ಹಾಕುತ್ತಿದ್ದರು. ಅವರ ಹಿಂದೆಯೇ ಹಿತ್ತಿಲ ಚಪ್ಪರಕ್ಕೆ ಹೋದೆ.

ಚಪ್ಪರದ ನೆರಳಲ್ಲಿ ಸಾಲಾಗಿ ಓರೆಗೆ ನಿಲ್ಲಿಸಿದ ಚಂದ್ರಂಕಿಗಳು, ಹಣ್ಣಾದ ಹುಳ ಗೂಡು ಕಟ್ಟುವ ಜಾಗ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರು ಚಾಪೆ. ಅದರ ಮೇಲೆ ಎರಡು ಇಂಚಿನಷ್ಟು ಅಗಲದ ಬಿದಿರು ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುರುಳಿ ಸುರುಳಿಯಾಗಿ ಕಟ್ಟಿದ್ದಾರೆ. ಮೇದರ ಕೈಕೆಲಸ. ಒಂದರಲ್ಲಿ ಸಾವಿರದಷ್ಟು ಹುಳ ಹಿಡಿಯುತ್ತದೆ. ಹತ್ತಿರ ಹೋಗಿ ಒಂದು ಹುಳವನ್ನೇ ನೋಡುತ್ತ ನಿಂತೆ. ಮೊದಲು ಅದು ಇತ್ತಣ ಪಟ್ಟಿಗೊಂದು ಎಳೆ, ಅತ್ತಣ ಪಟ್ಟಿಗೊಂದು ಎಳೆ, ಹಿಂದಿನ ಚಾಪೆಗೊಂದು ಎಳೆ ಅಂಟಿಸಿ ತನಗೊಂದು ಜೋಲಿ ಕಟ್ಟಿಕೊಂಡಿತು. ಅದರೊಳಗೆ ಕೂತ ಮೇಲೆ ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಗೂಡು ಸುತ್ತತೊಡಗಿತು. ಚಂದ್ರಂಕಿಯ ಮರ್ಮವೆಲ್ಲ ಪಟ್ಟಿಗಳ ನಡುವಿನ ಆ ಸಂದಿಯಲ್ಲಿದೆ. ಸಂದಿ ಅಗಲವಾದರೆ ಜೋಲಿಗೇ ರೇಷ್ಮೆ ಹೆಚ್ಚು ಖರ್ಚಾಗುತ್ತದೆ, ಆ ಸಡಿಲ ಎಳೆ ಬಿಚ್ಚಣಿಕೆಗೆ ಬರುವುದಿಲ್ಲ. ಇಕ್ಕಟ್ಟಾದರೆ ಗೂಡು ಸೊಟ್ಟಗಾಗುತ್ತದೆ. ಎರಡು ಹುಳ ಒಂದೇ ಕಡೆ ಸೇರಿಕೊಂಡರೆ ಜೋಡಿ ಗೂಡು. ಎಳೆಗಳು ಹೆಣೆದುಕೊಂಡು ನೂಲು ತುಂಡಾಗುತ್ತದೆ.

ಓರೆಗೆ ನಿಲ್ಲಿಸುವುದಕ್ಕೂ ಕಾರಣವಿದೆ. ಗೂಡು ಕಟ್ಟುವ ಮುನ್ನ ಹುಳ ಉಚ್ಚೆ ಹೊಯ್ಯುತ್ತದೆ. ಸಾವಿರ ಹುಳದ ಆ ತೇವ ಆರಿಹೋಗಬೇಕು, ಇಲ್ಲದಿದ್ದರೆ ಗೂಡಿಗೆ ಕಲೆ, ನೂಲಿಗೆ ಪೆಟ್ಟು. ಅದಕ್ಕೇ ಗಾಳಿಯಾಡುವ ನೆರಳು. ಇಷ್ಟೊಂದು ಲೆಕ್ಕಾಚಾರ ಬಿದಿರಿನಲ್ಲಿ ಕೂತಿರುವ ವಸ್ತುವನ್ನು ಹಳೇ ಸಾಮಾನು ಎಂದು ಪಕ್ಕಕ್ಕಿಡಲು ನನಗೆ ಮನಸ್ಸಾಗುವುದಿಲ್ಲ.

ಚಪ್ಪರದ ಆಚೆ ಒಂದು ಕೊಟ್ಟಿಗೆ. ಅಲ್ಲಿ ಸೂರಿನಿಂದ ತೂಗಿಬಿಟ್ಟ ತಿರುಗುವ ಚಂದ್ರಂಕಿಗಳು. ಜಪಾನಿನವರು ಕಂಡುಹಿಡಿದದ್ದು. ದಪ್ಪ ರಟ್ಟಿನ ಹತ್ತು ಚೌಕಟ್ಟುಗಳನ್ನು ಒಂದು ಕಂಬಿಯ ಚೌಕಟ್ಟಿಗೆ ಸಾಲಾಗಿ ಸಿಕ್ಕಿಸಿ, ನಡುವೆ ಅಚ್ಚು ಹಾಯಿಸಿ, ಎರಡು ತುದಿಗೂ ಹಗ್ಗ ಕಟ್ಟಿದ್ದಾರೆ. ಒಂದೊಂದು ಚೌಕಟ್ಟಿನಲ್ಲಿ 156 ಖಾನೆ, ಹನ್ನೆರಡು ಸಾಲು, ಹದಿಮೂರು ಅಡ್ಡಸಾಲು. ಒಂದು ಖಾನೆಗೆ ಒಂದೇ ಹುಳ, ಹಾಗಾಗಿ ಜೋಡಿ ಗೂಡಿನ ಕಾಟ ಬಹಳ ಕಡಿಮೆ.

ಇದನ್ನು ಯಾರೂ ತಿರುಗಿಸಬೇಕಿಲ್ಲ. ಹಣ್ಣಾದ ಹುಳಕ್ಕೆ ಮೇಲಕ್ಕೇ ಹತ್ತುವ ಚಾಳಿ. ಎಲ್ಲವೂ ಮೇಲಿನ ಅಂಚಿಗೆ ಹೋಗಿ ಗುಂಪುಗೂಡಿದಾಗ ಮೇಲ್ಭಾಗ ಭಾರವಾಗಿ ಚೌಕಟ್ಟು ತಾನಾಗಿ ಮಗುಚುತ್ತದೆ. ಮೇಲಿದ್ದವು ಈಗ ಕೆಳಗೆ. ಮತ್ತೆ ಹತ್ತಲು ಹೊರಡುತ್ತವೆ, ದಾರಿಯಲ್ಲಿ ಖಾಲಿ ಖಾನೆ ಸಿಕ್ಕವು ಒಳಹೊಕ್ಕು ಕೂರುತ್ತವೆ. ನಾನು ನಿಂತಿದ್ದಾಗಲೇ ಒಂದು ಚೌಕಟ್ಟು ಮೊದಲು ಸ್ವಲ್ಪ ವಾಲಿ, ತಡೆದು, ಆಮೇಲೆ ಒಮ್ಮೆಲೇ ಮಗುಚಿತು. ಒಂದೆರಡು ಹುಳ ಕೆಳಗೆ ಬಿದ್ದವು; ಹುಡುಗ ಎತ್ತಿ ಮತ್ತೆ ಬಿಟ್ಟ. ನಾನು ಈವರೆಗೆ ಕಂಡ ಸ್ಟ್ಯಾಂಡುಗಳಲ್ಲೆಲ್ಲ ಇದರಷ್ಟು ಜಾಣತನದ್ದು ಇನ್ನೊಂದಿಲ್ಲ. ಹುಳದ ಹಟವನ್ನೇ ಕೆಲಸಕ್ಕೆ ಹಚ್ಚಿದ ಸಾಧನ ಇದು.

ಗೂಡು ಬಿಡಿಸುವುದಕ್ಕೂ ಒಂದು ಸಲಕರಣೆ ಇದೆ. ವಾರದ ಮುಂಚೆ ಹಣ್ಣಾಗಿದ್ದ ಮೊದಲ ತಂಡದ ಚೌಕಟ್ಟುಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಿದ್ದರು. ಮರದ ಹಲಗೆಗೆ ಖಾನೆಗಳ ಅಳತೆಗೆ ಸರಿಯಾಗಿ ಮರದ ಗೂಟಗಳನ್ನು ಬಡಿದಿದ್ದಾರೆ. ಹಲಗೆಯನ್ನು ಚೌಕಟ್ಟಿನ ಮೇಲಿಟ್ಟು ಒತ್ತಿದರೆ ಗೂಡುಗಳು ಆಚೆ ಬದಿಯಿಂದ ಉದುರುತ್ತವೆ. ಬಿದಿರು ಚಂದ್ರಂಕಿಯಲ್ಲಾದರೆ ಒಂದೊಂದನ್ನೂ ಕೈಯಲ್ಲೇ ಬಿಡಿಸಬೇಕು.

ಹಾಗಿದ್ದೂ ಬಿದಿರಿನದೇ ಏಕೆ ಹೆಚ್ಚು ಎಂದು ಕೇಳಿದೆ. ರಟ್ಟಿನದು ದುಬಾರಿ, ತೇವಕ್ಕೆ ಮೆತ್ತಗಾಗುತ್ತದೆ, ತೂಗುಹಾಕಲು ಸೂರು ಬೇಕು ಎಂದರು ಮನೆಯಾಕೆ. “ಇದಾದ್ರೆ ಬೇಕಾದಾಗ ಬಾಡಿಗೆಗೆ ಸಿಗುತ್ತೆ ಸಾರ್, ಮುಗಿದ ಮೇಲೆ ವಾಪಸ್.”

ಆ ಬಾಡಿಗೆಯ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಒಂದೇ ಚಂದ್ರಂಕಿ ಮನೆಯಿಂದ ಮನೆಗೆ ಹೋದರೆ ಹಾಲುತೊಂಡೆ, ಗಂಟುರೋಗಗಳ ಬೀಜವೂ ಜೊತೆಗೆ ಹೋಗಬಹುದು. ಇಲ್ಲಿ ಖಾಲಿಯಾದವನ್ನು ಅಂಗಳಕ್ಕೆ ತಂದು, ಪಟ್ಟಿಗಳಿಗೆ ಅಂಟಿದ ಎಳೆಗಳನ್ನು ಬೆಂಕಿಯ ನಾಲಗೆ ಹಾಯಿಸಿ ಸುಡುತ್ತಿದ್ದರು. ಆಮೇಲೆ ಬ್ಲೀಚಿಂಗ್ ನೀರು, ಆಮೇಲೆ ಬಿಸಿಲು. ಬಂದದ್ದನ್ನೂ ಹೀಗೇ ಮಾಡುತ್ತೀರಾ ಎಂದೆ. ಹೌದು, ಗಾಡಿಯಿಂದ ಇಳಿಸಿದ ತಕ್ಷಣ ಇದೇ ಕೆಲಸ, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದರು. ಎಲ್ಲ ಮನೆಯವರೂ ಹಾಗೆ ಮಾಡಿದರೆ ಒಳ್ಳೆಯದು. ಮಾಡದ ಮನೆಯೊಂದಿದ್ದರೆ ಅಲ್ಲಿಂದ ಹೊರಟ ಚಂದ್ರಂಕಿ ಮುಂದಿನ ಊರಿನ ಬೆಳೆಯನ್ನೇ ಕೆಡಿಸೀತು.