ನಿಮಗಿದು ಗೊತ್ತೇ? ಗೆಳತಿಯ ಜೊತೆ ಬೆಂಗಳೂರು ಪೇಟೆಯಲ್ಲಿ ಒಂದು ದಿನ

ದಾವಣಗೆರೆಯಿಂದ ಬಂದಿದ್ದ ಬಾಲ್ಯದ ಗೆಳತಿ, "ಮಾಲ್ ಗೀಲ್ ಬೇಡ ಕಣೇ, ನಿಮ್ಮೂರಿನ ಹಳೇ ಪೇಟೆ ತೋರಿಸು" ಅಂದಳು. ನಸುಕಿನಲ್ಲೇ ಹೊರಟವರು ಮನೆಗೆ ಮರಳಿದ್ದು ರಾತ್ರಿ. ದಾರಿಯುದ್ದಕ್ಕೂ ನಾವು ಕಂಡು, ಹೇಳಿಕೊಂಡ ಸಂಗತಿಗಳು ಇಲ್ಲಿವೆ.

● ಕೆ.ಆರ್. ಮಾರ್ಕೆಟ್ಟಿನ ಪೂರ್ತಿ ಹೆಸರು ಕೃಷ್ಣರಾಜೇಂದ್ರ ಮಾರುಕಟ್ಟೆ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಈ ಕಟ್ಟಡ 1928ರದು. ಅದಕ್ಕೂ ಹಿಂದೆ ಇಲ್ಲಿದ್ದದ್ದು ಸಿದ್ದಿಕಟ್ಟೆ ಎಂಬ ಕೆರೆ!

● ಶಿವನಸಮುದ್ರದ ಜಲವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ಆ ಬೆಳಕನ್ನು ಮೊದಲು ಕಂಡ ಜಾಗಗಳಲ್ಲಿ ಈ ಮಾರ್ಕೆಟ್ಟಿನ ಸುತ್ತಮುತ್ತಲೂ ಒಂದು.

● ಇಲ್ಲಿ ಬಿಡಿ ಹೂವಿಗೆ ಕೆ.ಜಿ. ಲೆಕ್ಕ, ಕಟ್ಟಿದ ಹೂವಿಗೆ ಮೊಳ, ಮಾರುಗಳ ಲೆಕ್ಕ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಎರಡೂ ಕೈ ಚಾಚಿದರೆ ಒಂದು ಮಾರು. ಗೆಳತಿ ಎರಡು ಮೊಳ ಮಲ್ಲಿಗೆ ಕೇಳಿದಳು. ಹೂವಿನ ಅಜ್ಜಿ ದಂಡೆಯನ್ನು ಮೊಣಕೈಗೆ ಹಿಡಿದು ಎರಡು ಸಲ ಅಳೆದರು. ಕತ್ತರಿಸುವ ಮುನ್ನ ಬೆರಳ ತುದಿಯಿಂದಾಚೆ ಇನ್ನೂ ನಾಲ್ಕು ಬೆರಳು ಬಿಟ್ಟು, "ಮುಡ್ಕೊ ಮಗಾ" ಅಂದರು. ಅಳತೆ ಮೀರಿ ಕೊಡುವ ಈ ಅಷ್ಟಿಷ್ಟಕ್ಕೆ ಕನ್ನಡದಲ್ಲಿ 'ಕೊಸರು' ಎಂಬ ಚೆಂದದ ಹೆಸರಿದೆ.

● ಮಾರ್ಕೆಟ್ಟಿನ ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. 1781ರಲ್ಲಿ ಹೈದರಾಲಿ ಶುರುಮಾಡಿಸಿದ್ದನ್ನು 1791ರಲ್ಲಿ ಟಿಪ್ಪು ಮುಗಿಸಿದ. ತೇಗದ ಕಂಬಗಳ ಈ ಅರಮನೆ ಮುಂದೆ ಸರ್ಕಾರಿ ಕಚೇರಿಯೂ ಆಗಿತ್ತು. 1868ರಲ್ಲಿ ಕಚೇರಿ ಇಲ್ಲಿಂದ ಅಠಾರಾ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡಕ್ಕೆ ಹೋಯಿತು.

● ಅವೆನ್ಯೂ ರಸ್ತೆಯ ಹಳೆಯ ಹೆಸರು ದೊಡ್ಡಪೇಟೆ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಕಟ್ಟಿದ ಎತ್ತುಗಳನ್ನು ಬಿಟ್ಟರು, ಉತ್ತ ಸಾಲುಗಳೇ ಬೀದಿಗಳಾದವು ಎಂಬುದು ಪ್ರತೀತಿ. ಚೌಕದ ನಡುವೆ ನಿಂತು ನಾವೂ ನಾಲ್ಕೂ ಕಡೆ ಕತ್ತು ತಿರುಗಿಸಿದೆವು.

● ಅದೇ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್ ಬೆಂಜಮಿನ್ ಹೋಲ್ಟ್ ರೈಸ್ ಅವರ ನೆನಪಿನದು. ಸಾವಿರಾರು ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಇವರ ಮಗ. ಆ ಮಗ 1837ರಲ್ಲಿ ಹುಟ್ಟಿದ್ದೂ ಬೆಂಗಳೂರಿನಲ್ಲೇ.

● ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ಹೆಸರು ಕೇಳಿದರೆ ಸಾಕು, ಅಂಗಡಿಯಲ್ಲಿ ಏನಿತ್ತು, ಬೀದಿಯಲ್ಲಿ ಯಾರಿದ್ದರು ಅಂತ ತಿಳಿಯುತ್ತದೆ. ಬಳೆಪೇಟೆಯಲ್ಲಿ ಈಗ ವೀಣೆ, ತಬಲಾ, ಮೃದಂಗದ ಅಂಗಡಿಗಳೂ ಇವೆ. ಕಾಟನ್‌ಪೇಟೆಯ ಕನ್ನಡ ಹೆಸರು ಅರಳೇಪೇಟೆ. ಕಬ್ಬನ್‌ಪೇಟೆಗೆ ಮಾತ್ರ ಕಸುಬಿನ ಹೆಸರಿಲ್ಲ. ಅದು 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರದು.

● ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರು ಕರಗ ಹೊರಡುವುದು ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ. ಕತ್ತಿ ಹಿಡಿದ ವೀರಕುಮಾರರ ನಡುವೆ ಸಾಗುವ ಕರಗ ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಗುಡಿಯ ಮುಂದೆ ನಿಂತು ಇದನ್ನು ಹೇಳಿದಾಗ ಗೆಳತಿ, "ಮುಂದಿನ ಚೈತ್ರಕ್ಕೆ ಮತ್ತೆ ಬರ್ತೀನಿ" ಅಂದಳು.

● ಇಷ್ಟು ಇಕ್ಕಟ್ಟಿನ ಪೇಟೆಯ ಅಡಿಯಲ್ಲೇ 2017ರ ಜೂನ್‌ನಿಂದ ಮೆಟ್ರೊ ಓಡುತ್ತಿದೆ. ಚಿಕ್ಕಪೇಟೆಗೂ ಮಾರ್ಕೆಟ್ಟಿಗೂ ಒಂದೊಂದು ನಿಲ್ದಾಣ. ನಾವೂ ಅದರಲ್ಲೇ ಮನೆಗೆ ಮರಳಿದೆವು.

ನಿಮ್ಮೂರಲ್ಲೂ ಒಂದು ಹಳೇ ಪೇಟೆ ಇದ್ದೇ ಇರುತ್ತದೆ. ಅದಕ್ಕೆ ಯಾವ ಕಸುಬಿನ, ಯಾರ ಹೆಸರಿದೆ? ಆಪ್ತರೊಬ್ಬರನ್ನು ಜೊತೆಗೆ ಕರೆದುಕೊಂಡು, ಅಲ್ಲಿನ ಅಂಗಡಿಯ ಹಿರಿಯರನ್ನೇ ಕೇಳಿ ನೋಡಿ. ಉತ್ತರದ ಜೊತೆ ಒಂದಿಷ್ಟು ಕೊಸರೂ ಸಿಗುತ್ತದೆ.